ಸಮಲಿಂಗ ಸಹಜೀವಿಗಳ ಹಕ್ಕು: ಒಂದು ತೀರ್ಪಿನ ವಿಮರ್ಶೆ

ಭಾರತದ ಸರ್ವೋಚ್ಚ ನ್ಯಾಯಾಲಯದ ಐವರು ನ್ಯಾಯಾಧೀಶರ ಪೀಠವು 2023ರ ಅಕ್ಟೋಬರ್ 17ರಂದು ಸುಪ್ರಿಯೋ ಮೊಕದ್ದಮೆಯಲ್ಲಿ ಕೊಟ್ಟ ತೀರ್ಪು ಒಂದೇ ಲಿಂಗದವರ ವಿವಾಹವನ್ನು ಕುರಿತದ್ದೆಂದೇ ಪ್ರಸಿದ್ಧವಾಗಿದೆ. ಆದರೆ ವಿವಾಹಕ್ಕಿಂತ ಮೊದಲಿನ ಪ್ರಶ್ನೆಯೊಂದು ಅದರಲ್ಲಿ ಅಡಗಿದೆ. ಒಂದೇ ಸೂರಿನಡಿ ಬಾಳಿ, ಒಂದೇ ಒಲೆಯ ಅನ್ನವನ್ನುಂಡು, ಒಬ್ಬರ ಕಾಯಿಲೆಯಲ್ಲಿ ಮತ್ತೊಬ್ಬರು ಎಚ್ಚತ್ತು ಕುಳಿತ ಇಬ್ಬರು ಕಾನೂನಿನ ದೃಷ್ಟಿಯಲ್ಲಿ ಪರಸ್ಪರ ಏನಾಗಬೇಕು? ತೀರ್ಪಿನ ಗುಣದೋಷಗಳನ್ನು ಈ ಪ್ರಶ್ನೆಯಿಂದಲೇ ಅಳೆಯುವುದು ಯುಕ್ತ.

ವಿವಾಹವು ಸಂವಿಧಾನದತ್ತವಾದ ಮೂಲಭೂತ ಹಕ್ಕಲ್ಲವೆಂಬುದರಲ್ಲಿ ಐವರೂ ಏಕಮತರು. 1954ರ ವಿಶೇಷ ವಿವಾಹ ಕಾಯಿದೆಯ ಶಬ್ದಗಳನ್ನು ನ್ಯಾಯಾಲಯವೇ ತಿದ್ದಲಾಗದೆಂಬುದರಲ್ಲಿಯೂ ಅವರಲ್ಲಿ ಭೇದವಿಲ್ಲ. ಭೇದವಿರುವುದು ಮುಂದಿನ ಹೆಜ್ಜೆಯಲ್ಲಿ. ಆಗಿನ ಮುಖ್ಯ ನ್ಯಾಯಾಧೀಶ ಚಂದ್ರಚೂಡರೂ ಕೌಲರೂ ಇಂಥ ಸಹಜೀವನವನ್ನು ರಾಜ್ಯವು ಮನ್ನಿಸತಕ್ಕದ್ದೆಂದರು. ಭಟ್, ಕೊಹ್ಲಿ, ನರಸಿಂಹ ಈ ಮೂವರು ಶಾಸನವಿಲ್ಲದೆ ಅಂಥ ಹಕ್ಕು ಹುಟ್ಟದೆಂದರು.

ಬಹುಮತದ ಪಕ್ಷದಲ್ಲಿ ಹೇಳತಕ್ಕ ಮಾತುಂಟು. ಆ ಕಾಯಿದೆಯು ವರನಿಗೆ 21, ವಧುವಿಗೆ 18 ಎಂದು ವಯಸ್ಸನ್ನು ಬೇರೆಬೇರೆಯಾಗಿ ವಿಧಿಸಿ, ಉತ್ತರಾಧಿಕಾರದ ಕಾಯಿದೆಗಳೊಡನೆ ಹೆಣೆದುಕೊಂಡಿದೆ. ಒಂದು ಎಳೆಯನ್ನೆಳೆದರೆ ನೆಯ್ಗೆಯೆಲ್ಲ ಸಡಿಲಗೊಳ್ಳುವುದೆಂಬ ಅಳುಕು ನಿರಾಧಾರವಲ್ಲ.

ದೋಷವಿರುವುದು ಬೇರೊಂದೆಡೆ. ಭವಿಷ್ಯನಿಧಿ, ಪಿಂಚಣಿ ಮೊದಲಾದ ಸೌಲಭ್ಯಗಳು ವಿವಾಹವೆಂಬ ಒಂದೇ ಬಾಗಿಲಿನಿಂದ ದೊರೆಯುವುದರಿಂದ ಈ ಸಂಗಾತಿಗಳಿಗೆ ಅನ್ಯಾಯವಾಗುವುದೆಂದು ಭಟ್ಟರ ಅಭಿಪ್ರಾಯವೇ ಒಪ್ಪುತ್ತದೆ. ಒಪ್ಪಿದ ಮೇಲೆ ಪರಿಹಾರವನ್ನು ಸರ್ಕಾರದ ಸಮಿತಿಯೊಂದಕ್ಕೆ ಬಿಟ್ಟುಕೊಡುತ್ತದೆ. ವಿವಾಹದ ಹೆಸರನ್ನು ಕೊಡಲಾರದವರು ಅನ್ಯಾಯವನ್ನೂ ನೀಗಲಾರರೆಂಬ ನಿಯಮವೇನೂ ಇಲ್ಲ. ಎರಡನ್ನೂ ಒಂದೇ ಗಂಟಿನಲ್ಲಿ ಕಟ್ಟಿದ್ದೇ ಇಲ್ಲಿಯ ತರ್ಕಲೋಪ.

ತರುವಾಯದ ಸಂಗತಿಗಳು ಈ ಲೋಪವನ್ನು ಎತ್ತಿತೋರಿಸುತ್ತವೆ. ಇಂಥ ಸಂಗಾತಿಗಳು ಬ್ಯಾಂಕಿನಲ್ಲಿ ಜಂಟಿ ಖಾತೆ ತೆರೆಯುವುದಕ್ಕೂ ಒಬ್ಬರನ್ನೊಬ್ಬರು ನಾಮಿನಿಯಾಗಿ ಹೆಸರಿಸುವುದಕ್ಕೂ ಅಡ್ಡಿಯಿಲ್ಲವೆಂದು ಕೇಂದ್ರ ಸರ್ಕಾರವು 2024ರ ಆಗಸ್ಟಿನಲ್ಲಿ ಸ್ಪಷ್ಟಪಡಿಸಿತು. ಆದರೆ ನಾಮಿನಿಯು ಠೇವಣಿಯ ಹಣವನ್ನು ಪಡೆಯತಕ್ಕವನೇ ಹೊರತು ಅದರ ಒಡೆಯನಲ್ಲವೆಂದು ಇದೇ ನ್ಯಾಯಾಲಯ 2010ರಲ್ಲಿ ಹೇಳಿದೆ. ಉತ್ತರಾಧಿಕಾರಿಯಾದ ಸಹೋದರನು ಬಂದು ಕೇಳಿದರೆ ಕೈಗೆ ಬಂದುದನ್ನು ಒಪ್ಪಿಸಬೇಕು. ಉಯಿಲು ಬರೆದಿಟ್ಟರೆ ಆಸ್ತಿಯೇನೋ ಉಳಿದೀತು. ಕುಟುಂಬ ಪಿಂಚಣಿಯನ್ನು ಉಯಿಲಿನಿಂದಲೂ ಕೊಡಲಾಗದು.

ಬೇರೆ ದಾರಿಯಿರಲಿಲ್ಲವೇ? ಇತ್ತು. ಕುಟುಂಬವೆಂಬ ಶಬ್ದದ ವ್ಯಾಪ್ತಿಯಲ್ಲಿ ಇಂಥ ಸಂಬಂಧಗಳೂ ಸೇರಬಹುದೆಂದು 2022ರಲ್ಲಿ ಸರ್ವೋಚ್ಚ ನ್ಯಾಯಾಲಯದ್ದೇ ಪೀಠವೊಂದು ನುಡಿದಿತ್ತು. ಸುಪ್ರಿಯೋ ತೀರ್ಪಿನ ಮರುಪರಿಶೀಲನೆಯ ಅರ್ಜಿಗಳು 2025ರ ಜನವರಿಯಲ್ಲಿ ವಜಾ ಆದವು. ಆದರೂ ಅದೇ ವರ್ಷದ ಮೇ ತಿಂಗಳಲ್ಲಿ ಮದ್ರಾಸ್ ಹೈಕೋರ್ಟು, ಹೆತ್ತವರ ಮನೆಯಲ್ಲಿ ತಡೆದಿಟ್ಟಿದ್ದ ಯುವತಿಯೊಬ್ಬಳನ್ನು ಬಿಡಿಸುತ್ತ, ಕುಟುಂಬವನ್ನು ಕಟ್ಟಲು ವಿವಾಹವೊಂದೇ ಮಾರ್ಗವಲ್ಲವೆಂದು ಸಾರಿತು. ವಿವಾಹದ ಕಾಯಿದೆಯನ್ನು ಮುಟ್ಟದೆಯೇ ಹೇಳಬಹುದಾಗಿದ್ದ ಮಾತಿದು.

ಆಸ್ಪತ್ರೆಯ ಬಾಗಿಲಿನಲ್ಲಿಯೂ ಕಚೇರಿಯ ಕಿಟಕಿಯಲ್ಲಿಯೂ ‘ಇವರು ನಿಮಗೇನಾಗಬೇಕು?’ ಎಂದು ಕೇಳಿದಾಗ ಹೇಳತಕ್ಕ ಉತ್ತರವೊಂದನ್ನು ಬಹುಮತದ ತೀರ್ಪು ಕೊಡಲಿಲ್ಲ. ವಿದ್ವತ್ತಿನಲ್ಲಿ ಅದು ಕುಂದಿದ್ದಲ್ಲ. ತಾನೇ ಗುರುತಿಸಿದ ಅನ್ಯಾಯವನ್ನು ತಾನೇ ಮುಂದೂಡಿತೆಂಬುದೇ ಅದರ ಮೇಲೆ ನಿಲ್ಲುವ ಆಕ್ಷೇಪ.