ಸಂಶೋಧನಾ ಪ್ರಸ್ತಾವದ ಅನುಬಂಧ ಚತುಷ್ಟಯ

ವಿಷಯ, ಪ್ರಯೋಜನ, ಸಂಬಂಧ, ಅಧಿಕಾರಿ ಎಂಬ ನಾಲ್ಕನ್ನು ಗ್ರಂಥಾರಂಭದಲ್ಲಿಯೇ ತಿಳಿಸುವುದು ನಮ್ಮ ಶಾಸ್ತ್ರಕಾರರ ಪದ್ಧತಿ. ಇವುಗಳಿಗೆ ಅನುಬಂಧ ಚತುಷ್ಟಯವೆಂದು ಹೆಸರು. ವಿಶ್ವವಿದ್ಯಾನಿಲಯದ ಅಧ್ಯಾಪಕರು ಧನಸಹಾಯವನ್ನು ಕೋರಿ, 1969ರಲ್ಲಿ ಹುಟ್ಟಿದ ಭಾರತೀಯ ಸಮಾಜವಿಜ್ಞಾನ ಸಂಶೋಧನಾ ಪರಿಷತ್ತಿನಂತಹ ಸಂಸ್ಥೆಗಳಿಗೆ ಸ್ಪರ್ಧೆಯಲ್ಲಿ ಒಪ್ಪಿಸುವ ಪ್ರಸ್ತಾವವೂ ಒಂದು ಗದ್ಯಪ್ರಬಂಧವೇ ಆದುದರಿಂದ, ಅದನ್ನು ಈ ಒರೆಗಲ್ಲಿಗೆ ಹಚ್ಚಿ ನೋಡುವುದು ಅನುಚಿತವಾಗಲಾರದು.

ತುಮಕೂರಿನಲ್ಲಿ 2004ರಲ್ಲಿ ಸ್ಥಾಪಿತವಾದ ವಿಶ್ವವಿದ್ಯಾನಿಲಯದ ಅಧ್ಯಾಪಕರೊಬ್ಬರು ಆ ಜಿಲ್ಲೆಯ ಶಾಸನಗಳನ್ನು ಕುರಿತು ಪ್ರಸ್ತಾವವನ್ನು ಬರೆಯುತ್ತಿರುವರೆಂದು ಭಾವಿಸೋಣ. ‘ತುಮಕೂರು ಜಿಲ್ಲೆಯ ಶಾಸನಗಳ ಸಾಂಸ್ಕೃತಿಕ ಅಧ್ಯಯನ’ ಎಂಬ ಶಿರೋನಾಮೆಯು ಗಂಭೀರವಾಗಿ ತೋರಿದರೂ ಅದರಲ್ಲಿ ವಿಷಯವಿಲ್ಲ. ವಿಷಯದ ವಿಸ್ತಾರ ಮಾತ್ರವಿದೆ. ‘ಗುಬ್ಬಿ, ಕುಣಿಗಲು ತಾಲ್ಲೂಕುಗಳ ಶಾಸನಗಳಲ್ಲಿ ಕೆರೆಗಳಿಗೆ ಬಿಟ್ಟ ದತ್ತಿಗಳು’ ಎಂದೊಡನೆ ಎಲ್ಲೆ ಗೋಚರವಾಗುತ್ತದೆ. ದತ್ತಿಶಾಸನವನ್ನು ಬರೆಯಿಸಿದವನು ಭೂಮಿಯ ನಾಲ್ಕು ದಿಕ್ಕಿನ ಮೇರೆಯನ್ನು ಮರೆಯುತ್ತಿರಲಿಲ್ಲ. ಅದನ್ನು ಓದಲು ಹೊರಟವನು ಮರೆಯಬಹುದೇ?

ಎರಡನೆಯದು ಸಂಬಂಧ, ಎಂದರೆ ಪೂರ್ವಸೂರಿಗಳೊಡನೆ ನಮ್ಮ ಕಾರ್ಯಕ್ಕಿರುವ ನಂಟು. ‘ಈ ಕ್ಷೇತ್ರದಲ್ಲಿ ಇದುವರೆಗೆ ಯಾರೂ ಕೆಲಸಮಾಡಿಲ್ಲ’ ಎಂಬ ವಾಕ್ಯವು ಪ್ರಸ್ತಾವಗಳಲ್ಲಿ ಮಂಗಳಶ್ಲೋಕದಂತಾಗಿದೆ. ಬಿ. ಎಲ್. ರೈಸರು ‘ಎಪಿಗ್ರಾಫಿಯಾ ಕರ್ನಾಟಿಕಾ’ದ 12ನೆಯ ಸಂಪುಟವನ್ನು ಈ ಜಿಲ್ಲೆಗಾಗಿಯೇ 1904ರಲ್ಲಿ ಪ್ರಕಟಿಸಿದರು. ಅದನ್ನು ಮರೆಸಿ ನೂತನತೆಯನ್ನು ಸಾಧಿಸುವುದಕ್ಕಿಂತ, ಮುದ್ರಿತ ಪಾಠವನ್ನು ಕಲ್ಲಿನ ಬಳಿಯಲ್ಲಿಯೇ ಒಪ್ಪಿಟ್ಟು ನೋಡುವೆನೆಂದು ಹೇಳುವುದು ಪ್ರಾಮಾಣಿಕವೂ ಬಲಿಷ್ಠವೂ ಆದ ಮಾತು.

ಅಧಿಕಾರಿಯ ಲಕ್ಷಣವು ಪದವಿಗಳ ಪಟ್ಟಿಯಲ್ಲಿಲ್ಲ. ‘ಬಿತ್ತುವಟ್ಟ’, ‘ಕಟ್ಟುಕೊಡಗೆ’ ಎಂಬ ಶಬ್ದಗಳ ಅರ್ಥಭೇದವನ್ನು ಬಲ್ಲವನೇ ಇಲ್ಲಿ ಅಧಿಕಾರಿ. ಪ್ರಸ್ತಾವವನ್ನು ಇಂಗ್ಲಿಷಿನಲ್ಲಿ ಬರೆಯುವಾಗ ಇವೆರಡೂ ‘ದಾನ’ವೆಂಬ ಒಂದೇ ಮಾತಿನಲ್ಲಿ ಕರಗಿಹೋದರೆ ಸಂಶೋಧನೆಯು ಆರಂಭಕ್ಕೆ ಮೊದಲೇ ನಷ್ಟವನ್ನನುಭವಿಸುತ್ತದೆ. ಆಯವ್ಯಯವೂ ಅಧಿಕಾರದ ಪರೀಕ್ಷೆಯೇ. ಎಷ್ಟು ಕಲ್ಲುಗಳು, ಎಷ್ಟು ದಿನಗಳ ಪ್ರವಾಸ, ಎಷ್ಟು ಪಡಿಯಚ್ಚುಗಳು ಎಂಬ ಲೆಕ್ಕದಿಂದ ಹಣದ ಮೊತ್ತವು ಹುಟ್ಟಬೇಕು. ಗರಿಷ್ಠ ಮೊತ್ತವನ್ನು ನೋಡಿ ಲೆಕ್ಕವನ್ನು ಹೊಂದಿಸಬಾರದು. ಕೆರೆಯ ಅಂಗಳದ ಕಲ್ಲನ್ನು ನೀರು ತುಂಬಿದಾಗ ಓದುವೆನೆಂಬ ಕಾಲಪಟ್ಟಿಯು, ಬರೆದವನು ಕೆರೆಯನ್ನೇ ಕಂಡಿಲ್ಲವೆಂದು ಸಾರುತ್ತದೆ.

ಪ್ರಯೋಜನವೇ ಇಂದಿನ ಪ್ರಸ್ತಾವದ ದುರ್ಬಲಸ್ಥಾನ. ‘ನಿರೀಕ್ಷಿತ ಫಲ’ವೆಂಬ ಅಂಕಣದಲ್ಲಿ ಇನ್ನೂ ಕಾಣದ ಸತ್ಯವನ್ನು ಕಂಡಂತೆ ಬರೆಯಬೇಕಾಗುತ್ತದೆ. ಶಾಸನವು ದತ್ತಿಯನ್ನು ಕೊಟ್ಟ ಮೇಲೆ ಕಲ್ಲಿಗೇರುವುದು. ಪ್ರಸ್ತಾವವಾದರೋ ಕೊಡುವ ಮುನ್ನವೇ ಮಾತುಕೊಡುವುದು. ಈ ಸ್ಪರ್ಧೆಯಲ್ಲಿ ಅತ್ಯುಕ್ತಿಗೆ ಮನ್ನಣೆ ದೊರೆತರೆ, ಸಂಯಮಿಯಾದ ವಿದ್ವಾಂಸನು ಹಿಂದುಳಿಯುವನು. ಇಲ್ಲವೇ ತಾನೂ ಅತ್ಯುಕ್ತಿಯನ್ನು ಕಲಿಯುವನು. ಎರಡನೆಯದೇ ಹೆಚ್ಚಿನ ಹಾನಿ. ಏಕೆಂದರೆ ಮುಂದೆ ಸಾಕ್ಷ್ಯವು ಎದುರುನಿಂತಾಗ, ಕೊಟ್ಟ ಮಾತಿಗೆ ಅದನ್ನು ಬಗ್ಗಿಸುವ ಆಸೆಯು ಅವನನ್ನು ಕಾಡುವುದು.

ಆದುದರಿಂದ ಪ್ರಸ್ತಾವವು ಪ್ರಶ್ನೆಯನ್ನೂ ಪರಿಶ್ರಮವನ್ನೂ ವಾಗ್ದಾನಮಾಡಲಿ, ಉತ್ತರವನ್ನಲ್ಲ. ರೈಸರು ಓದಿದ ಕಲ್ಲು ಇಂದು ಸ್ಥಳದಲ್ಲಿಲ್ಲವೆಂದು ಕಂಡುಬಂದರೆ, ಆ ಅಭಾವವನ್ನು ದಾಖಲಿಸುವುದೂ ಫಲವೇ. ಜಾನಪದ ಗೀತದಿಂದ ನಾಡಿಗೆಲ್ಲ ಪರಿಚಿತವಾದ ಕುಣಿಗಲ ಕೆರೆಯ ಏರಿಯ ಮೇಲೆ ನಿಂತು ‘ಇಲ್ಲಿ ಏನು ದೊರೆಯುವುದೋ ಅರಿಯೆ, ಹುಡುಕುವ ಬಗೆಯನ್ನು ಬಲ್ಲೆ’ ಎನ್ನುವವನನ್ನು ನಂಬುವ ಧೈರ್ಯವು ಪರೀಕ್ಷಕಮಂಡಲಿಗಳಿಗೂ ಬರಬೇಕು.