ಸೋಡಾ ಬಾಟಲಿಯೊಳಗಿನ ಹಾಡು

2012ರ ಡಿಸೆಂಬರ್. ಕೆಲಸಕ್ಕೆ ಸೇರಿ ಇನ್ನೂ ವರ್ಷ ಆಗಿರಲಿಲ್ಲ. ಯಲಹಂಕ ದಾಟಿ ಎಂಬಸಿ ರೈಡಿಂಗ್ ಸ್ಕೂಲ್ ಮೈದಾನಕ್ಕೆ ಬೈಕಲ್ಲಿ ಹೋಗಿದ್ದೆ, ಎನ್‌ಎಚ್7 ವೀಕೆಂಡರ್ ನೋಡೋಕೆ. ಹಬ್ಬದ ಹೆಸರಿನ ಮುಂದೆಯೇ ಬಕಾರ್ಡಿ ಅಂತ ಇತ್ತು. ಅದು ನನಗೆ ಒಂಚೂರೂ ಚುಚ್ಚಲಿಲ್ಲ. ಊರ ಜಾತ್ರೆಯ ನಾಟಕಕ್ಕೂ ಸಾರಾಯಿ ಗುತ್ತಿಗೆದಾರನೇ ದುಡ್ಡು ಕೊಡ್ತಿದ್ದ. ನಾಟಕದ ಭೀಮ ಅದಕ್ಕೇನು ಸಾರಾಯಿ ಮಾರಲಿಲ್ಲವಲ್ಲ.

ಈಗ ನಡೀತಿರೋದು ಬೇರೆ. ಇಂಡೀ ಬ್ಯಾಂಡುಗಳು ವೇದಿಕೆಯನ್ನಲ್ಲ, ಹಾಡನ್ನೇ ಕೊಡ್ತಿವೆ.

ನಮ್ಮಲ್ಲಿ ಟಿವಿಯಲ್ಲಿ ಮದ್ಯದ ಜಾಹೀರಾತು ಹಾಕುವಂತಿಲ್ಲ. ಅದಕ್ಕೇ ಅದೇ ಹೆಸರಿನ ಸೋಡಾ, ನೀರು, ಮ್ಯೂಸಿಕ್ ಸಿಡಿ. 2022ರ ಜೂನ್‌ನಲ್ಲಿ ಇಂಥ ಮುಸುಕಿನ ಜಾಹೀರಾತುಗಳನ್ನೂ ನಿಷೇಧಿಸುವ ಮಾರ್ಗಸೂಚಿ ಬಂತು. ಸೋಡಾ ಮಾತ್ರ ಇನ್ನೂ ಉಕ್ಕುತ್ತಲೇ ಇದೆ. ಇಲ್ಲೊಂದು ಸೂಕ್ಷ್ಮ ಇದೆ. ಸೋಪಿನ ಜಾಹೀರಾತಿಗೆ ಸೋಪು ತೋರಿಸಿದರೆ ಸಾಕು, ಹಾಡು ಬರೀ ಒಗ್ಗರಣೆ. ವಿಸ್ಕಿಯವನಿಗೆ ವಿಸ್ಕಿ ತೋರಿಸೋ ಹಾಗಿಲ್ಲ. ರುಚಿ, ಅಮಲು, ಗೆಳೆಯರ ಹೆಗಲು, ಎಲ್ಲವನ್ನೂ ಹಾಡೇ ಹೊರಬೇಕು. ಅಲ್ಲಿ ಹಾಡೇ ಬಾಟಲಿ.

ಆರ್.ಟಿ. ನಗರದ ಒಂದು ಮನೆ ಮಹಡಿಯಲ್ಲಿ ಜ್ಯಾಮ್ ಮಾಡುವ ಗೆಳೆಯನೊಬ್ಬ ಇದ್ದಾನೆ, ಹಗಲು ಟೆಸ್ಟಿಂಗ್, ರಾತ್ರಿ ಬೇಸ್ ಗಿಟಾರ್. ಅವರ ಒಂದು ಹಾಡು ಊರ ಕೆರೆ ಬತ್ತಿದ್ದರ ಬಗ್ಗೆ. ಚರಣಗಳಲ್ಲಿ ಮೀನು, ಕೊಕ್ಕರೆ, ತೂಬು. ಕೊನೆಗೆ ಎಲ್ಲರೂ ಸೇರಿ ಕೂಗುವ ಒಂದು ಉದ್ದನೆಯ ಆಲಾಪ. ಅದು ಶೋಕದ ಕೂಗು. ಒಂದು ಕಂಪನಿಗೆ ಆ ಕೂಗು ಮಾತ್ರ ಬೇಕಿತ್ತು, ಮೂವತ್ತು ಸೆಕೆಂಡು, ಸೋಡಾಗೆ.

"ನೀನು ಡಾಕ್ಯುಮೆಂಟ್ ಓದ್ತೀಯಲ್ಲ, ಇದನ್ನೂ ನೋಡು ಗುರು" ಅಂದ. ನೋಡಿದೆ. ಒಂದೇ ಸಲದ ದುಡ್ಡು. ಜಗತ್ತಿನಾದ್ಯಂತ, ಈಗಿರುವ, ಮುಂದೆ ಹುಟ್ಟುವ ಎಲ್ಲ ಮಾಧ್ಯಮಗಳಲ್ಲಿ, ಎಂದೆಂದಿಗೂ. ನಮ್ಮ ಆಫೀಸಿನ ಸಾಫ್ಟ್‌ವೇರ್ ಲೈಸೆನ್ಸಿಗೂ ವರ್ಷಕ್ಕೊಂದು ಎಕ್ಸ್‌ಪೈರಿ ಇರತ್ತೆ ಕಣೋ ಅಂದೆ. ನಕ್ಕ. ಆಮೇಲೆ, "ಡ್ರಮ್ಮರ್‌ಗೆ ಮೂರು ತಿಂಗಳ ಬಾಡಿಗೆ ಬಾಕಿ" ಅಂದ. ನಾನು ಬಾಯಿ ಮುಚ್ಚಿದೆ. ಪ್ರತಿ ತಿಂಗಳು ಸಂಬಳ ಬರುವವನು ಪಾವಿತ್ರ್ಯದ ಪಾಠ ಹೇಳೋದು ಸುಲಭ.

ಕುಡಿತದ ಬಗ್ಗೆ ನನ್ನ ತಕರಾರಿಲ್ಲ. ಶನಿವಾರ ಹೆಬ್ಬಾಳದ ಕಡೆ ಸಿಕ್ಕಿದರೆ ಗೊತ್ತಾಗತ್ತೆ. ಕನ್ನಡದ ಹಾಡುಗಳಿಗೂ ಅದು ಮೈಲಿಗೆಯಲ್ಲ. ರಾಜರತ್ನಂ ಅವರ ಯೆಂಡಗುಡುಕ ರತ್ನ ಹೆಂಡವನ್ನಾದರೂ ಬಿಟ್ಟಾನು, ಕನ್ನಡದ ಪದ ಬಿಡೋನಲ್ಲ. ಶಿಶುನಾಳ ಶರೀಫರು ಗುಡುಗುಡಿಯ ಮೇಲೇ ತತ್ವಪದ ಕಟ್ಟಿದರು. ರಘು ದೀಕ್ಷಿತ್ 2008ರ ತಮ್ಮ ಆಲ್ಬಂನಲ್ಲಿ ಅದನ್ನು ಹಾಡಿದಾಗ ನಮ್ಮ ಹಾಸ್ಟೆಲ್ ಹುಡುಗರೆಲ್ಲ ಕುಣಿದೆವು. ಅಲ್ಲಿ ಹೊಗೆ ಒಂದು ನೆಪ, ಒಳಗೆ ಸಾಗೋದು ದೊಡ್ಡ ಮಾತು. ಜಾಹೀರಾತು ಇದನ್ನು ತಲೆಕೆಳಗು ಮಾಡತ್ತೆ: ದೊಡ್ಡ ಮಾತು ನೆಪ, ಒಳಗೆ ಸಾಗೋದು ಹೆಂಡ.

ಇನ್ನೊಂದು ವಿಷಯವೂ ನನ್ನನ್ನು ಕಾಡತ್ತೆ. ನಮ್ಮ ಚಿಕ್ಕಪ್ಪ ಸತ್ತಿದ್ದು ಪ್ಯಾಕೆಟ್ ಸಾರಾಯಿಯಿಂದ, ಕರ್ನಾಟಕದಲ್ಲಿ 2007ರ ಜುಲೈನಲ್ಲಿ ಅದು ನಿಲ್ಲುವ ಒಂದು ವರ್ಷ ಮೊದಲು. ಆ ಪ್ಯಾಕೆಟ್ಟಿಗೆ ಹಾಡಿರಲಿಲ್ಲ. ಹಲ್ಲಲ್ಲಿ ಮೂಲೆ ಹರಿದು ಕುಡಿಯೋದು, ಅಷ್ಟೇ. ಅದಕ್ಕೆ ಸ್ನೇಹ, ಸಾಹಸ, ಪರ್ವತದ ತುದಿ ಅಂತ ಯಾರೂ ಹೆಸರಿಟ್ಟಿರಲಿಲ್ಲ.

ಗೆಳೆಯ ಸಹಿ ಹಾಕಿದ. ಬಾಡಿಗೆ ಕಟ್ಟಿಯಾಯ್ತು, ಒಳ್ಳೆ ಆಂಪ್ಲಿಫೈಯರೂ ಬಂತು. ಜಾಹೀರಾತು ಚೆನ್ನಾಗೇ ಇದೆ, ಮಿಕ್ಸಿಂಗ್ ಅಂತೂ ಮೂಲಕ್ಕಿಂತ ಚೊಕ್ಕ. ಹೋದ ತಿಂಗಳು ಯಲಹಂಕ ನ್ಯೂಟೌನ್‌ನ ಒಂದು ಚಿಕ್ಕ ಶೋನಲ್ಲಿ ಅವರು ಆ ಹಾಡನ್ನು ಪೂರ್ತಿ ಹಾಡಿದರು. ಮೀನು, ಕೊಕ್ಕರೆ, ತೂಬು ಬರುವಾಗ ಮುಂದಿನ ಸಾಲಿನ ಹುಡುಗರು ಮೊಬೈಲ್ ನೋಡ್ತಿದ್ದರು. ಆಲಾಪ ಶುರುವಾದ ತಕ್ಷಣ ಎಲ್ಲರೂ ಗ್ಲಾಸು ಮೇಲೆತ್ತಿ ಕೂಗಿದರು. ನನ್ನ ಕೈಯಲ್ಲೂ ಗ್ಲಾಸಿತ್ತು.