ಗುಡಿಯೂ ಗುಡಿಗಾರರೂ: ನಮ್ಮ ಪ್ರವಾಸ ಲೇಖನಗಳನ್ನು ಕುರಿತು

ದಸರಾ ರಜೆ ಮುಗಿಯುತ್ತಲೇ ಪತ್ರಿಕೆಗಳ ಕಚೇರಿಗೆ ಪ್ರವಾಸ ಲೇಖನಗಳು ಬಂದು ಬೀಳುವುದು ವಾಡಿಕೆ. ಕನ್ನಡದಲ್ಲಿ ಕವಿಗಳನ್ನು ಬಿಟ್ಟರೆ ಹೆಚ್ಚು ಸಂಖ್ಯೆಯಲ್ಲಿರುವವರು ಪ್ರವಾಸ ಲೇಖಕರೇ ಇರಬೇಕು. ಹೀಯಾಳಿಸುವುದಕ್ಕಾಗಿ ಇದನ್ನು ಹೇಳುತ್ತಿಲ್ಲ. ನಾನೂ ಆ ಗುಂಪಿಗೆ ಸೇರಿದವನೇ. ಹೋದ ಊರನ್ನು ಹೋಗದವರಿಗೆ ಹೇಳಬೇಕೆಂಬ ಆಸೆ ಒಳ್ಳೆಯದೇ. ಆದರೆ ಹೇಳಿದ್ದರಲ್ಲಿ ಊರೆಷ್ಟು, ಹೇಳುವವನ ಅಭ್ಯಾಸದ ಮಾತೆಷ್ಟು ಎಂಬುದನ್ನು ಒಮ್ಮೆ ಅಳೆದು ನೋಡಬೇಕಾಗಿದೆ.

ಎಲ್ಲರಿಗೂ ಪರಿಚಿತವಾದ ಒಂದು ಮಾರ್ಗವನ್ನೇ ತೆಗೆದುಕೊಳ್ಳೋಣ. ಶಿವಮೊಗ್ಗದಿಂದ ಸಾಗರ, ಅಲ್ಲಿಂದ ಇಕ್ಕೇರಿ, ಕೆಳದಿ, ಮತ್ತೆ ಸಾಗರಕ್ಕೆ ಬಂದು ಶರಾವತಿಯ ಹಿನ್ನೀರನ್ನು ದಾಟಿ ಸಿಗಂದೂರು, ಮುಂದೆ ಘಟ್ಟವಿಳಿದು ಕೊಲ್ಲೂರು. ಕಾಡು, ಕಣಿವೆ, ನೀರು, ಗುಡಿ, ಕೆತ್ತನೆಗೆ ಹೆಸರಾದ ಪೇಟೆ, ಗೋಡೆಗೆ ಚಿತ್ತಾರ ಬರೆಯುವ ಹಳ್ಳಿ ಎಲ್ಲವೂ ಎರಡು ದಿನದ ಪ್ರಯಾಣದಲ್ಲಿ ಸಿಗುತ್ತವೆ. ಈ ಮಾರ್ಗವನ್ನು ಕುರಿತ ಲೇಖನಗಳನ್ನು ನಾನು ಹಲವು ವರ್ಷಗಳಿಂದ ಓದುತ್ತ ಬಂದಿದ್ದೇನೆ. ಊರಿನ ಹೆಸರುಗಳನ್ನು ತೆಗೆದುಹಾಕಿದರೆ ಅವುಗಳಲ್ಲಿ ಬಹುಪಾಲು ಕೊಡಗಿಗೂ ಸಲ್ಲುತ್ತವೆ, ಊಟಿಗೂ ಸಲ್ಲುತ್ತವೆ.

ಇದಕ್ಕೆ ಮೊದಲನೆಯ ಕಾರಣ ವಿಶೇಷಣಗಳ ಹಾವಳಿ. ರಸ್ತೆ ‘ಹಾವಿನಂತೆ’ ಬಳುಕುತ್ತದೆ, ಕಾಡು ‘ಹಸಿರು ಸೀರೆ’ ಉಡುತ್ತದೆ, ಹಿನ್ನೀರಿನ ಸೂರ್ಯಾಸ್ತ ‘ವರ್ಣನಾತೀತ’ವಾಗುತ್ತದೆ. ವರ್ಣನೆಗೆ ಮೀರಿದ್ದನ್ನು ವರ್ಣಿಸಲು ಎರಡು ಅಂಕಣಗಳನ್ನು ಕೇಳಿದ್ದೇಕೆ ಎಂದು ಯಾರೂ ಪ್ರಶ್ನಿಸುವುದಿಲ್ಲ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದಾಗ ಈ ನೀರಿನಡಿಯಲ್ಲಿ ಊರುಗಳು, ಗದ್ದೆಗಳು ಮುಳುಗಿದವೆಂಬುದು ಸೂರ್ಯಾಸ್ತದ ಬಣ್ಣದಲ್ಲಿ ಮರೆತೇಹೋಗುತ್ತದೆ. ಎರಡನೆಯದು ಇತಿಹಾಸದ ಸಾಲ. ಕೆಳದಿಯ ಅರಸರು 1499ರಿಂದ 1763ರವರೆಗೆ ಆಳಿದರು, ಚೆನ್ನಮ್ಮಾಜಿಯು ಶಿವಾಜಿಯ ಮಗ ರಾಜಾರಾಮನಿಗೆ ಆಶ್ರಯವಿತ್ತಳು, ಕೊನೆಗೆ ಹೈದರಾಲಿಯು ಬಿದನೂರನ್ನು ಗೆದ್ದುಕೊಂಡನು ಎಂಬುದು ಪಠ್ಯಪುಸ್ತಕದಿಂದಿಳಿದು ನೇರವಾಗಿ ಲೇಖನದ ನಡುವೆ ಕೂರುತ್ತದೆ. ಮೂರನೆಯದೇ ನನಗೆ ಮುಖ್ಯವಾದದ್ದು: ಸತ್ತ ಶಿಲ್ಪಿಗೆ ಎರಡು ಪುಟ, ಬದುಕಿರುವ ಶಿಲ್ಪಿಗೆ ಒಂದು ಸಾಲು.

ಇಕ್ಕೇರಿಯ ಅಘೋರೇಶ್ವರನ ಗುಡಿಯನ್ನು ನೋಡಿ. ಅಲ್ಲಿನ ಕೆತ್ತನೆಯನ್ನು ಹೊಗಳದವರಿಲ್ಲ. ಆದರೆ ಗರ್ಭಗುಡಿಯ ಮುಂದಿನ ನೆಲವನ್ನು ಬಗ್ಗಿ ನೋಡಿದವರು ಕಡಿಮೆ. ಅಲ್ಲಿ ದೇವರಿಗೆ ಅಡ್ಡಬಿದ್ದ ಕೆಳದಿಯ ನಾಯಕರ ಆಕೃತಿಗಳನ್ನು ಕಲ್ಲಿನಲ್ಲಿ ಬಿಡಿಸಿದೆ. ಅವುಗಳಲ್ಲಿ ಒಂದಕ್ಕೆ ಸಂಕೋಲೆ ತೊಡಿಸಿದೆ. ಬುದ್ಧಿಭ್ರಮಣೆಯಾಗಿದ್ದ ಸೋಮಶೇಖರ ನಾಯಕನೆಂದು ಅದನ್ನು ಗುರುತಿಸುತ್ತಾರೆ. ಅರಸನ ದುರ್ದೆಸೆಯನ್ನೂ ಮುಚ್ಚಿಡದೆ, ಭಕ್ತರು ಕಾಲಿಡುವ ನೆಲದಲ್ಲೇ ಕೆತ್ತಿಸಿದ ಮನೆತನವಿದು. ಇನ್ನೊಂದು ಸಂಗತಿ ರೈಸರ ಮೈಸೂರು ಗ್ಯಾಸೆಟಿಯರಿನಲ್ಲಿದೆ. ಈ ಗುಡಿಯ ನಡುಗಂಬಗಳ ಅಂತರವೇ ತೋಟದ ಭೂಮಿಯನ್ನು ಅಳೆಯುವ ಕೋಲಿಗೆ ಪ್ರಮಾಣವಾಗಿತ್ತಂತೆ. ಅದರ ಉದ್ದ 18 ಅಡಿ 6 ಅಂಗುಲ. ಇದನ್ನು ಓದಿದ ಮೇಲೆ ನನಗೆ ಆ ಗುಡಿ ಬೇರೆಯಾಗಿಯೇ ಕಂಡಿತು. ದೇವರ ಮನೆಯ ಕಂಬ ರೈತನ ಕಂದಾಯಕ್ಕೂ ಲೆಕ್ಕ ಹೇಳುತ್ತಿತ್ತು. ಗುಡಿಯೆಂದರೆ ನೋಡಿ ಹೋಗುವ ಸ್ಥಳವಾಗಿರಲಿಲ್ಲ, ಸುತ್ತಣ ಕೆಲಸಕ್ಕೆ ಅಳತೆಗೋಲಾಗಿತ್ತು.

ಗುಡಿಗೂ ಕೆಲಸಕ್ಕೂ ಇರುವ ಈ ನಂಟು ಸಾಗರದ ಪೇಟೆಯಲ್ಲಿ ಒಂದು ಜನದ ಹೆಸರಿನಲ್ಲೇ ಉಳಿದಿದೆ. ಸಾಗರ, ಸೊರಬಗಳಲ್ಲಿ ಗಂಧದ ಕೆತ್ತನೆ ಮಾಡುವವರು ಗುಡಿಗಾರರು. ಗುಡಿಯ ಕೆಲಸದವರು ಎಂದು ಈ ಮಾತನ್ನು ಸಾಮಾನ್ಯವಾಗಿ ಬಿಡಿಸುತ್ತಾರೆ. ಗಂಧದಲ್ಲಿ, ಶಿವನೆ ಮರದಲ್ಲಿ ದೇವರನ್ನೂ ಆನೆಯನ್ನೂ ಕಡೆಯುವ ಕೈಯೇ ಬೆಂಡಿನಲ್ಲಿ ಮದುವೆಯ ಬಾಸಿಂಗವನ್ನೂ ಕಟ್ಟುತ್ತದೆ. ಭಾಷೆ ಒಂದೇ ಪದದಲ್ಲಿ ಕೂಡಿಸಿಟ್ಟಿದ್ದನ್ನು ನಮ್ಮ ಲೇಖನಗಳು ಎರಡಾಗಿ ಒಡೆಯುತ್ತವೆ: ಗುಡಿ ‘ಕಲೆ’ಯ ಪಾಲಿಗೆ, ಗುಡಿಗಾರ ‘ಖರೀದಿ’ಯ ಪಾಲಿಗೆ.

ಪರರ ತಪ್ಪನ್ನು ಎಣಿಸುವ ಮೊದಲು ನನ್ನದನ್ನು ಒಪ್ಪಿಕೊಳ್ಳಬೇಕು. ಹದಿನೈದು ವರ್ಷಗಳ ಹಿಂದೆ ಈ ಮಾರ್ಗವಾಗಿ ಹೋಗಿ ಬಂದು ಕಾಲೇಜಿನ ವಾರ್ಷಿಕ ಸಂಚಿಕೆಗೆ ನಾನೊಂದು ಲೇಖನ ಬರೆದೆ. ಅದರಲ್ಲಿ ಇಕ್ಕೇರಿಯ ‘ಅಜ್ಞಾತ ಶಿಲ್ಪಿ’ಗೆ ಕೈಮುಗಿದಿದ್ದೆ. ಅದೇ ದಿನ ಮಧ್ಯಾಹ್ನ ಸಾಗರದಲ್ಲಿ ಗೇಣುದ್ದದ ಒಂದು ಗಣಪತಿಯನ್ನು ಅರ್ಧ ಗಂಟೆ ಚೌಕಾಶಿ ಮಾಡಿ, ಮುಕ್ಕಾಲು ಬೆಲೆಗೆ ಇಳಿಸಿ ಕೊಂಡಿದ್ದೆ. ಆ ಸಾಮರ್ಥ್ಯವನ್ನು ಮನೆಯಲ್ಲಿ ಹೇಳಿಕೊಂಡೂ ಇದ್ದೆ. ಲೇಖನದಲ್ಲಿ ಮಾತ್ರ ಆ ಬೀದಿಗೆ ದೊರೆತದ್ದು ಒಂದೇ ವಾಕ್ಯ.

ಮೂರು ವರ್ಷಗಳ ಹಿಂದೆ ಪ್ರಬಂಧರಚನೆಯ ತರಗತಿಯಲ್ಲಿ ಆ ಲೇಖನವನ್ನೇ ಮಾದರಿಯಾಗಿ ಓದಿದೆ. ಪಾಠ ಮುಗಿದ ಮೇಲೆ ಎರಡನೆಯ ಬಿ.ಎ. ತರಗತಿಯ ಹುಡುಗಿಯೊಬ್ಬಳು ಮೇಜಿನ ಬಳಿಗೆ ಬಂದಳು.

“ಸಾರ್, ‘ನಾಲ್ಕಾರು ಕೆತ್ತನೆಯ ಅಂಗಡಿಗಳೂ ಉಂಟು’ ಅಂತ ಬರೆದಿದ್ದೀರಲ್ಲ, ಅದರಲ್ಲಿ ಒಂದು ನಮ್ಮದು.”

ಆಕೆಯ ಮಾತಿನಲ್ಲಿ ದೂರಿರಲಿಲ್ಲ, ಗುರುತು ಸಿಕ್ಕಿದ ಸಂತೋಷವೇ ಇತ್ತು. ಅದರಿಂದಲೇ ನನಗೆ ಹೆಚ್ಚು ನಾಚಿಕೆಯಾಯಿತು.

ಆ ವರ್ಷದ ರಜೆಯಲ್ಲಿ ಆಕೆಯ ಮನೆಗೆ ಹೋಗಿ ತಂದೆಯ ಕೆಲಸದ ಜಾಗದಲ್ಲಿ ಅರ್ಧ ದಿನ ಕುಳಿತೆ. ಮರದ ತುಂಡನ್ನು ತಿರುಗಿಸಿ ತಿರುಗಿಸಿ ನೋಡುವುದರಲ್ಲೇ ಅವರು ಬಹಳ ಹೊತ್ತು ಕಳೆದರು. ಎಳೆ ಯಾವ ಕಡೆಗೆ ಓಡುತ್ತದೆ, ಗಂಟು ಎಲ್ಲಿದೆ ಎಂಬುದು ತಿಳಿದ ಮೇಲೆಯೇ ಸೀಸದ ಕಡ್ಡಿ ಕೈಗೆ ಬಂದಿತು. ಉಳಿಗಳನ್ನು ಅಳತೆಯ ಪ್ರಕಾರ ಸಾಲಾಗಿ ಇಟ್ಟಿದ್ದರು. ಕೊನೆಯದು ಹೊಲಿಗೆಯ ಸೂಜಿಗಿಂತ ಸ್ವಲ್ಪ ದಪ್ಪ. ಗಂಧದ ಪುಡಿಯನ್ನು ನೆಲಕ್ಕೆ ಬೀಳಗೊಡದೆ ಬಟ್ಟೆಯ ಮೇಲೆ ಹಿಡಿಯುತ್ತಿದ್ದರು. “ಮೇಷ್ಟ್ರೇ, ಕಲ್ಲಿನವನಿಗೆ ಬೆಟ್ಟವೇ ಇತ್ತು. ನಮಗೆ ಇಷ್ಟೇ ತುಂಡು. ಕೈ ತಪ್ಪಿದರೆ ದೇವರು ಸಣ್ಣವನಾಗುತ್ತಾನೆ” ಎಂದರು.

ಆ ತುಂಡಿನ ಹಿಂದೆಯೂ ಒಂದು ಚರಿತ್ರೆಯಿದೆ. ಮೈಸೂರು ಸೀಮೆಯಲ್ಲಿ ಶ್ರೀಗಂಧ ಬಹುಕಾಲ ಸರ್ಕಾರದ ಸೊತ್ತಾಗಿತ್ತು. ರೈತನ ಹೊಲದಲ್ಲಿ ಬೆಳೆದರೂ ಮರ ಅವನದಲ್ಲ. 2001ರ ಕಾನೂನು ತಿದ್ದುಪಡಿಯಿಂದ ಬೆಳೆದವನಿಗೆ ಒಡೆತನ ಬಂದಿತು. ಅಷ್ಟರಲ್ಲಿ ಕಾಡಿನ ಗಂಧ ಕಳ್ಳರ ಕೊಡಲಿಗೆ ಬಹಳಮಟ್ಟಿಗೆ ಸವೆದಿತ್ತು. ವನ್ಯಜೀವಿ ಕಾಯಿದೆಗೆ 1986 ಮತ್ತು 1991ರಲ್ಲಿ ಬಂದ ತಿದ್ದುಪಡಿಗಳಿಂದ ದಂತದ ವ್ಯಾಪಾರ ನಿಂತಿತು, ಅದು ನಿಲ್ಲಬೇಕಾದದ್ದೇ. ಆದರೆ ಕೈಗೆ ಕೆಲಸ ಗೊತ್ತಿದ್ದು ಮರ ಸಿಗದೆ ಕುಳಿತವರ ಪಾಡು ನಮ್ಮ ‘ಕಲೆಯ ತವರು’ ಎಂಬ ಹೊಗಳಿಕೆಯಲ್ಲಿ ಎಲ್ಲಿಯೂ ಸುಳಿಯುವುದಿಲ್ಲ.

ಹೀಗೆಂದ ಮಾತ್ರಕ್ಕೆ ಕನ್ನಡದಲ್ಲಿ ಒಳ್ಳೆಯ ಮಾದರಿಯಿಲ್ಲವೆಂದಲ್ಲ. ಬಿ.ಜಿ.ಎಲ್. ಸ್ವಾಮಿಯವರ ‘ಹಸುರು ಹೊನ್ನು’ ಇಂಥ ಘಟ್ಟದ ದಾರಿಗಳ ಪುಸ್ತಕವೇ. 1978ರಲ್ಲಿ ಅದಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂದಿತು. ವಿದ್ಯಾರ್ಥಿಗಳನ್ನು ಕಟ್ಟಿಕೊಂಡು ಕಾಡು ಸುತ್ತಿದ ಆ ಮೇಷ್ಟರಿಗೆ ಕಾಡೆಂದರೆ ಬರಿಯ ಹಸಿರಿನ ರಾಶಿಯಲ್ಲ. ಒಂದೊಂದು ಗಿಡಕ್ಕೂ ಹೆಸರಿದೆ, ಗುಣವಿದೆ, ಅದನ್ನು ಬಳಸುವ ಜನವಿದೆ. ಅದರಿಂದ ಪುಸ್ತಕದ ರಸವೇನೂ ಕಡಿಮೆಯಾಗಲಿಲ್ಲ. ಓದುಗರು ನಗುನಗುತ್ತಲೇ ಸಸ್ಯಶಾಸ್ತ್ರ ಕಲಿತರು. ತಿಳಿವಳಿಕೆ ಸೌಂದರ್ಯಕ್ಕೆ ವಿರೋಧಿಯಲ್ಲವೆಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ.

‘ಪ್ರವಾಸ ಲೇಖನವೇನು ಸರ್ಕಾರಿ ವರದಿಯೇ? ದಣಿದವನು ಎರಡು ದಿನ ಹಾಯಾಗಿ ಹೋಗಿ ಬಂದದ್ದನ್ನು ಹೇಳಿಕೊಳ್ಳಬಾರದೇ?’ ಎಂದು ಕೆಲವರು ಕೇಳಬಹುದು. ಧಾರಾಳವಾಗಿ ಹೇಳಲಿ. ಎಲ್ಲರೂ ಸಂಶೋಧಕರಾಗಬೇಕೆಂದು ನನ್ನ ವಾದವಲ್ಲ. ಆದರೆ ಸಂತೋಷಕ್ಕೂ ಒಂದು ವಿವರ ಬೇಕು. ಸಾಗರದ ಸುತ್ತಿನ ದೀವರ ಹೆಂಗಸರು ಗೋಡೆಗೆ ಬರೆಯುವ ಹಸೆ ಚಿತ್ತಾರವನ್ನು ‘ಮನಮೋಹಕ’ವೆಂದರೆ ಓದುಗನಿಗೆ ಏನೂ ಕಾಣಿಸುವುದಿಲ್ಲ. ಕೆಮ್ಮಣ್ಣು ಬಳಿದ ಗೋಡೆಯ ಮೇಲೆ, ಪುಂಡಿ ನಾರಿನ ಕುಂಚವನ್ನು ಅಕ್ಕಿಹಿಟ್ಟಿನಲ್ಲಿ ಅದ್ದಿ, ಮದುವೆಗೆ ಮುಂಚೆ ಗೆರೆಗೆ ಗೆರೆ ಕೂಡಿಸುತ್ತಾರೆ ಎಂದರೆ ಆ ಕೈ ಕಾಣಿಸುತ್ತದೆ. ಭೂಮಿ ಹುಣ್ಣಿಮೆಗೆ ಬುಟ್ಟಿಯ ಮೇಲೂ ಅದೇ ಗೆರೆಗಳು ಹತ್ತುತ್ತವೆ ಎಂದರೆ ಅದು ಬರಿಯ ಅಲಂಕಾರವಲ್ಲವೆಂಬುದೂ ತಿಳಿಯುತ್ತದೆ. ಇದಕ್ಕೆ ಬೇಕಾದದ್ದು ಪಾಂಡಿತ್ಯವಲ್ಲ. ಗಾಡಿಯಿಂದಿಳಿದು ಎರಡು ಮಾತು ಕೇಳುವ ಸಹನೆ.

ಈ ಮಾತನ್ನು ಈಗ ಹೇಳುವುದಕ್ಕೆ ಕಾರಣವಿದೆ. 2025ರ ಜುಲೈಯಲ್ಲಿ ಅಂಬಾರಗೋಡ್ಲು ಮತ್ತು ಕಳಸವಳ್ಳಿಯ ನಡುವೆ ಸೇತುವೆ ತೆರೆಯಿತು. ಲಾಂಚಿಗಾಗಿ ಕಾಯುತ್ತ ದಡದಲ್ಲಿ ನಿಲ್ಲಬೇಕಾಗಿದ್ದ ಪ್ರಯಾಣಿಕ ಇಂದು ನಿಲ್ಲದೆ ದಾಟಬಹುದು. ಅಲ್ಲಿನ ಜನಕ್ಕೆ ಇದು ದೊಡ್ಡ ಅನುಕೂಲ. ಆರು ದಶಕಗಳ ಕಷ್ಟ ತೀರಿತೆಂದು ನಾವೂ ಸಂತೋಷಪಡಬೇಕು. ಆದರೆ ನಮ್ಮಂಥ ಪಟ್ಟಣದವರಿಗೆ ನಿಲ್ಲದೆ ಹೋಗುವುದು ಇನ್ನಷ್ಟು ಸುಲಭವಾಯಿತು. ಎಲ್ಲಿ ನಿಲ್ಲಬೇಕು, ನಿಂತು ಯಾರನ್ನು ಮಾತನಾಡಿಸಬೇಕು ಎಂದು ಹೇಳುವ ಹೊಣೆ ಆದ್ದರಿಂದ ಲೇಖಕನ ಮೇಲೆ ಮೊದಲಿಗಿಂತ ಹೆಚ್ಚಾಗಿ ಬಿದ್ದಿದೆ.

ಚೌಕಾಶಿ ಮಾಡಿ ತಂದ ಆ ಗಣಪತಿ ಇಂದಿಗೂ ನನ್ನ ಪುಸ್ತಕದ ಕಪಾಟಿನ ಮೇಲಿದ್ದಾನೆ. ಕೆತ್ತಿದವರ ಹೆಸರನ್ನು ನಾನು ಅಂದು ಕೇಳಿರಲಿಲ್ಲ. ಬೇಲೂರಿನ ದಾಸೋಜನೂ ಸೋಮನಾಥಪುರದ ಮಲ್ಲಿತಮ್ಮನೂ ತಮ್ಮ ಹೆಸರನ್ನು ತಾವೇ ಕಲ್ಲಿನಲ್ಲಿ ಬರೆದಿಟ್ಟು ಹೋದರು. ನನ್ನ ಗಣಪತಿಯ ಶಿಲ್ಪಿಯನ್ನು ‘ಅಜ್ಞಾತ’ನನ್ನಾಗಿ ಮಾಡಿದ್ದು ಕಾಲವಲ್ಲ, ನಾನು.